ನಿಂತುಹೋದ ಕೂಲರ್, ನಿದ್ದೆಗೆಟ್ಟ ಕೂಸು

ಮಾನ್ವಿಯಲ್ಲೊಂದು ಓಣಿ. ಓಣಿಯಲ್ಲಿ ಅಯ್ಯಮ್ಮಜ್ಜಿಯ ಮನೆ. ಮನೆಯಲ್ಲಿ ಒಂದು ತೊಟ್ಟಿಲು. ತೊಟ್ಟಿಲಲ್ಲಿ ಅಜ್ಜಿಯ ಮೊಮ್ಮಗಳು, ಗುಂಡು ಗುಂಡನೆಯ ಕೂಸು. ಕಿಟಕಿಯಲ್ಲಿ ಒಂದು ಕೂಲರ್.

ಹೊರಗೆ ಧಗಧಗ ಬಿಸಿಲು. ಒಳಗೆ ತಣ್ಣನೆ ಗಾಳಿ. ಕೂಸಿಗೆ ಸೊಂಪಾದ ನಿದ್ದೆ.

ಒಂದು ಮಧ್ಯಾಹ್ನ ಕೂಲರ್ "ಗುರ್ ಗುರ್" ಅಂದಿತು. ಸುಟ್ಟ ವಾಸನೆ ಬಂತು! ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡಳು. ಸ್ವಿಚ್ ಆರಿಸಿದಳು. ಪ್ಲಗ್ ಕಿತ್ತಳು. ವಾಸನೆ ಹೋಯಿತು. ಗಾಳಿಯೂ ಹೋಯಿತು. ಕೂಸಿನ ನಿದ್ದೆಯೂ ಹೋಯಿತು.

"ಅಂಯ್ಯಾ! ಅಂಯ್ಯಾ!"

ಕೂಲರ್ ರಿಪೇರಿಯ ಖಾಜಾಸಾಬ್ ಬಂದ. ಕೂಲರಿನ ಹಿಂದಿನ ಬಾಗಿಲು ತೆಗೆದ. ಮೂಗು ಮುಚ್ಚಿಕೊಂಡ.

"ಹುಲ್ಲಿನ ಚಾಪಿ ಕೊಳತು ಹೋಗ್ಯದ ಅಜ್ಜಿ. ಹುಲ್ಲು ಉದುರಿ ಪಂಪಿನ ಬಾಯಾಗ ಸಿಕ್ಕೊಂಡದ. ಪಂಪು ನಾ ತೊಳೀತೀನಿ. ಹೊಸ ಚಾಪಿ ನೀವು ತರ್ರಿ. ಚಾಪಿ ತೊಯ್ದರೇನೇ ಗಾಳಿ ತಂಪು."

ಅಜ್ಜಿ ಕೂಸನ್ನು ಕಂಕುಳಿಗೇರಿಸಿದಳು. ಚಾಪೆ ಕಟ್ಟುವ ಹನುಮಕ್ಕನ ಹತ್ತಿರ ಹೋದಳು.

"ಹನುಮಕ್ಕಾ, ಹನುಮಕ್ಕಾ!
ಕೂಸಿಗೆ ನಿದ್ದಿ ಇಲ್ಲ.
ಕೂಲರಿಗೆ ಚಾಪಿ ಇಲ್ಲ.
ಒಂದು ಚಾಪಿ ಕೊಡವ್ವಾ!"

"ಹುಲ್ಲು ಅದ, ಕಟ್ಟಾಕ ಸುತಳಿ ಇಲ್ಲ. ಸುತಳಿ ತಾ, ಕಟ್ಟಿಕೊಡ್ತೀನಿ."

ಅಜ್ಜಿ ಅಂಗಡಿ ಪಂಪಣ್ಣನ ಹತ್ತಿರ ಹೋದಳು.

"ಪಂಪಣ್ಣಾ, ಪಂಪಣ್ಣಾ!
ಕೂಸಿಗೆ ನಿದ್ದಿ ಇಲ್ಲ.
ಕೂಲರಿಗೆ ಚಾಪಿ ಇಲ್ಲ.
ಹನುಮಕ್ಕಗ ಸುತಳಿ ಇಲ್ಲ.
ಒಂದು ಉಂಡಿ ಸುತಳಿ ಕೊಡಪಾ!"

"ಸುತಳಿ ಅಟ್ಟದ ಮ್ಯಾಲ ಅದ. ನನಗ ಕೈ ಎಟಕಲ್ಲ. ಏಣಿ ತರ್ರಿ, ಇಳಿಸಿಕೊಡ್ತೀನಿ."

ಅಜ್ಜಿ ಶಾಲೆಗೆ ಹೋದಳು. ಅಲ್ಲಿ ಯೇಸಪ್ಪ ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಯುತ್ತಿದ್ದ.

"ಯೇಸಪ್ಪಾ, ಯೇಸಪ್ಪಾ!
ಕೂಸಿಗೆ ನಿದ್ದಿ ಇಲ್ಲ.
ಕೂಲರಿಗೆ ಚಾಪಿ ಇಲ್ಲ.
ಹನುಮಕ್ಕಗ ಸುತಳಿ ಇಲ್ಲ.
ಪಂಪಣ್ಣಗ ಏಣಿ ಇಲ್ಲ.
ಏಣಿ ಕೊಡಪಾ!"

"ಮುಂಜಾನಿಂದ ಚಹಾ ಇಲ್ಲ ಅಜ್ಜಿ. ಕಾಲಾಗ ತ್ರಾಣ ಇಲ್ಲ. ಒಂದು ಕಪ್ ಚಹಾ ಬರಲಿ, ಇಳೀತೀನಿ."

"ಅಂಯ್ಯಾ!" ಅಂದಿತು ಕೂಸು. ಅಜ್ಜಿಯ ಕಂಕುಳು ಬೆವರಿತು, ಕೂಸಿನ ಕೆನ್ನೆ ಕೆಂಪಾಯಿತು. ಅಜ್ಜಿ ಸರಸರ ನಡೆದಳು, ಎಮ್ಮೆ ಸಾಕುವ ಈರಮ್ಮನ ಮನೆಗೆ.

"ಈರಮ್ಮಾ, ಈರಮ್ಮಾ!
ಕೂಸಿಗೆ ನಿದ್ದಿ ಇಲ್ಲ.
ಕೂಲರಿಗೆ ಚಾಪಿ ಇಲ್ಲ.
ಹನುಮಕ್ಕಗ ಸುತಳಿ ಇಲ್ಲ.
ಪಂಪಣ್ಣಗ ಏಣಿ ಇಲ್ಲ.
ಯೇಸಪ್ಪಗ ಚಹಾ ಇಲ್ಲ.
ಚಹಾ ಮಾಡಿಕೊಡವ್ವಾ!"

"ಹಾಲೇ ಇಲ್ಲಲ್ಲವ್ವಾ! ಬಿಸಿಲಿಗೆ ಎಮ್ಮಿಗೆ ಸಿಟ್ಟು ಬಂದದ. ಹತ್ರ ಹೋದ್ರ ಒದೀತದ."

ಅಜ್ಜಿ ಎಮ್ಮೆಯ ಮುಖ ನೋಡಿದಳು. ಎಮ್ಮೆ ನಾಲಿಗೆ ಚಾಚಿ ನಿಂತಿತ್ತು.

"ಅಯ್ಯ! ನಿನಗೂ ಸೆಕೀನಾ ತಾಯಿ?"

ಕೂಸನ್ನು ಈರಮ್ಮನ ಕೈಗೆ ಕೊಟ್ಟಳು. ಕೊಡ ತುಂಬಿದಳು. ಎಮ್ಮೆಯ ಬೆನ್ನಿಗೆ ಸುರಿದಳು. ಒಂದು ಕೊಡ. ಎರಡು ಕೊಡ. ಮೂರು ಕೊಡ. ನಾಲ್ಕು ಕೊಡ!

ಎಮ್ಮೆ ಕಿವಿ ಅಲ್ಲಾಡಿಸಿತು. "ಹೂಂಯ್" ಅಂದಿತು.

ಎಮ್ಮೆಗೆ ತಂಪು ಬಂತು.
ಈರಮ್ಮನಿಗೆ ಹಾಲು ಬಂತು.
ಯೇಸಪ್ಪನಿಗೆ ಚಹಾ ಬಂತು.
ಪಂಪಣ್ಣನಿಗೆ ಏಣಿ ಬಂತು.
ಹನುಮಕ್ಕನಿಗೆ ಸುತಳಿ ಬಂತು.
ಕೂಲರಿಗೆ ಚಾಪೆ ಬಂತು.

ಕೂಸಿನ ಜೊತೆ ಎಲ್ಲರೂ ಅಜ್ಜಿಯ ಮನೆಗೆ ಬಂದರು. ಖಾಜಾಸಾಬ್ ಪಂಪು ತೊಳೆದಿದ್ದ. ಚಾಪೆ ಕೂರಿಸಿದ. ತಿಳಿನೀರು ತುಂಬಿದ. ಹಿಂದಿನ ಬಾಗಿಲು ಮುಚ್ಚಿದ.

"ಪ್ಲಗ್ ಕಿತ್ತಿರಿ, ಪಂಪು ಉಳೀತು," ಅಂದ. "ಇನ್ನು ನಾಕು ದಿನಕ್ಕೊಮ್ಮೆ ಪ್ಲಗ್ ಕೀಳ್ರಿ. ಹಳೇ ನೀರು ಚೆಲ್ಲರಿ. ತೊಟ್ಟಿ ತಿಕ್ಕಿ ತೊಳೀರಿ. ಬ್ಯಾಸಿಗಿ ಬರೋ ಮುಂಚೆ ಚಾಪಿ ನೋಡ್ರಿ."

"ಆತಪಾ. ಇನ್ನ ಮರೆಯಂಗಿಲ್ಲ," ಅಂದಳು ಅಜ್ಜಿ.

ಪ್ಲಗ್ ಹಾಕಿದರು. ಸ್ವಿಚ್ ಒತ್ತಿದರು. ಸುಯ್ಯ್... ತಣ್ಣನೆ ಗಾಳಿ ಬಂತು!

ಕೂಸು ಆಕಳಿಸಿತು. ಕಣ್ಣು ಮುಚ್ಚಿತು. ಕೂಸಿಗೆ ನಿದ್ದೆ ಬಂತು.

ಚಹಾ ತಂದ ಈರಮ್ಮ ಗೋಡೆಗೆ ಒರಗಿದಳು. ಅವಳಿಗೂ ನಿದ್ದೆ ಬಂತು. ಏಣಿ ತಂದ ಯೇಸಪ್ಪನಿಗೆ ನಿದ್ದೆ ಬಂತು. ಸುತಳಿ ತಂದ ಪಂಪಣ್ಣನಿಗೆ ನಿದ್ದೆ ಬಂತು. ಚಾಪೆ ತಂದ ಹನುಮಕ್ಕನಿಗೆ ನಿದ್ದೆ ಬಂತು. ಸ್ಕ್ರೂಡ್ರೈವರ್ ಹಿಡಿದುಕೊಂಡೇ ಖಾಜಾಸಾಬನಿಗೂ ನಿದ್ದೆ ಬಂತು.

ಅಯ್ಯಮ್ಮಜ್ಜಿ ಒಬ್ಬಳೇ ಹೊಸ್ತಿಲ ಮೇಲೆ ಕೂತಳು. ಓಣಿಯಲ್ಲಿ ಹೋಗುವವರಿಗೆಲ್ಲ ತುಟಿಗೆ ಬೆರಳಿಟ್ಟು ಹೇಳಿದಳು:

"ಶ್! ಮೆಲ್ಲಕ ನಡೀರಿ. ಒಳಗ ಆರು ಕೂಸು ಮಲಗ್ಯಾವ!"