ತಣ್ಣನೆ ಹೊಗೆ

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಸಮುದ್ರದಾಚೆ ಇಂಗ್ಲೆಂಡಲ್ಲಿ ಒಂದು ಹಳ್ಳಿ ಇತ್ತಂತೆ. ನಮ್ಮ ಥರ ಗೋಡೆಗೆ ಗೋಡೆ ಅಂಟ್ಕೊಂಡ ಮನೆ ಅಲ್ಲ ಕೂಸೇ, ಇಲ್ಲೊಂದು ಮನೆ, ಆಮೇಲೆ ಹೊಲ, ಆಮೇಲೆ ಕಾಡು, ಆಮೇಲೆ ಅಲ್ಲೆಲ್ಲೋ ಇನ್ನೊಂದು ಮನೆ. ಕೂಗಿದ್ರೆ ಕೇಳಲ್ಲ, ಉಪ್ಪು ಮುಗಿದ್ರೆ ಪಕ್ಕದ ಮನೆಗೆ ಓಡೋಕಾಗಲ್ಲ, ಅದೇನು ಊರೋ ಏನೋ. ನಡುವೆ ದಿಬ್ಬದ ಮೇಲೆ ದೊಡ್ಡ ಕಲ್ಲಿನ ಬಂಗಲೆ, ಅದರಲ್ಲಿ ಮುದುಕಿ ದೊರೆಸಾನಿ ಒಬ್ಬಳೇ ಇದ್ಲಂತೆ.

ಅಷ್ಟು ದೂರ ದೂರ ಇದ್ದದ್ದಕ್ಕೆ ಅವರಲ್ಲಿ ಒಂದು ಪದ್ಧತಿ. ಬೆಳಿಗ್ಗೆ ಎದ್ದವರೇ ಬಾಗಿಲಿಗೆ ಬಂದು ಎಲ್ಲರ ಮನೆ ಹೊಗೆಗೂಡು ನೋಡೋದು. ಹೊಗೆ ಬರ್ತಿದ್ರೆ ಅವರು ಚೆನ್ನಾಗಿದ್ದಾರೆ ಅಂತ ತಮ್ಮ ಕೆಲಸಕ್ಕೆ ಹೋಗೋದು, ಹೊಗೆ ಇಲ್ಲ ಅಂದ್ರೆ ಕೈಯಲ್ಲಿದ್ದದ್ದು ಅಲ್ಲೇ ಬಿಟ್ಟು ಊರಿಗೆ ಊರೇ ಆ ಮನೆಗೆ ಓಡೋದು.

ಆ ಊರಲ್ಲಿ ಹೆಪ್ಸಿ ಅಂತ ಗಂಡ ಸತ್ತ ಹೆಂಗಸು. ಅವಳಿಗೆ ಮೂವರು ಹೆಣ್ಣುಮಕ್ಕಳು, ಆಗ್ನೆಸ್, ಟಿಲ್ಡಾ, ವಿನ್ನಿ. ಒಂದು ಚಳಿಗಾಲ ದೊಡ್ಡವಳು ಆಗ್ನೆಸ್ ಕೆಲಸ ಕೇಳ್ಕೊಂಡು ಬಂಗಲೆಗೆ ಹೋದ್ಲಂತೆ, ತಿರುಗಿ ಬರಲೇ ಇಲ್ಲ. ಬಂಗಲೆಯಿಂದ ಹೊಗೆಯೇನೋ ದಟ್ಟವಾಗಿ ಬರ್ತಿತ್ತು, ಸರಿ ಕೆಲಸ ಸಿಕ್ಕಿರಬೇಕು ಅಂತ ತಾಯಿ ಸುಮ್ಮನಾದ್ಲು. ಆಮೇಲೆ ನೋಡ್ಕೊಂಡು ಬಾ ಅಂತ ಟಿಲ್ಡಾನ ಕಳಿಸಿದ್ಲು, ಅವಳೂ ಬರಲಿಲ್ಲ. ಆಮೇಲೆ ಕಿರಿಯವಳು ವಿನ್ನಿ, ಅಮ್ಮ ಹಾಲು ಕರೆಯೋಕೆ ಕೂತಿದ್ದಾಗ ಹೇಳದೆ ಕೇಳದೆ ಅಕ್ಕಂದಿರನ್ನ ಹುಡುಕ್ಕೊಂಡು ಹೋಗಿಬಿಟ್ಲಂತೆ.

ಹೆಪ್ಸಿ ಅಂಗಳಕ್ಕೆ ಓಡಿಬಂದು ಬಂಗಲೆ ಕಡೆ ನೋಡ್ತಾಳೆ, ಆ ಹೊಗೆಯೊಳಗೇ, ಹೊಗೆಗೂಡಿನ ಬಾಯಿ ಮೇಲೇ ಒಂದು ಕಾಗೆ ಕೂತು ಆರಾಮಾಗಿ ಕೊಕ್ಕಿಂದ ರೆಕ್ಕೆ ತೀಡ್ಕೊಳ್ತಾ ಇತ್ತಂತೆ. ಬಿಸಿ ಹೊಗೆ ಮೇಲೆ ಯಾವ ಕಾಗೆ ಕೂರುತ್ತೆ ಹೇಳು? ಹೆಪ್ಸಿ ಅಲ್ಲಿಂದಲೇ ಓಡಿದ್ಲು.

ಮೂರು ಮನೆ ಬಾಗಿಲು ತಟ್ಟಿದ್ಲು. ಮೂರು ಮನೆಯವರೂ ಕತ್ತು ಎತ್ತಿ ನೋಡಿ, ಹೊಗೆ ಬರ್ತಿದೆಯಲ್ಲ ಹೆಪ್ಸಿ, ಯಾಕೆ ಹೆದರ್ತೀಯ ಅಂತ ಒಳಗೆ ಹೋದ್ರಂತೆ. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಮನೆಗೆ ಬಂದು ಒಂದು ಕೆಲಸ ಮಾಡಿ, ಏನು ಅಂತ ಆಮೇಲೆ ಹೇಳ್ತೀನಿ, ಹಿಮದಲ್ಲಿ ಒಬ್ಬಳೇ ಬಂಗಲೆಗೆ ನಡೆದ್ಲು.

ಬಾಗಿಲು ತೆರೆದೇ ಇತ್ತು. ಒಳಗೆ ಹೊರಗಿಗಿಂತ ಚಳಿ. ದೊಡ್ಡ ಒಲೆ ಮುಂದೆ ಮೂವರು ಮಕ್ಕಳೂ ಮಂಡಿಯೂರಿ ಸೌದೆ ಒಟ್ಟುತ್ತಾ ಇದ್ರಂತೆ, ಉರಿ ಇದೆ, ಕಾವಿಲ್ಲ. ಕುರ್ಚಿಯಲ್ಲಿ ದೊರೆಸಾನಿ. ಮುಖ ಬೆಳ್ಳಗೆ, ಉಸಿರಿಲ್ಲ. ಅವಳು ಯಾವತ್ತೋ ಸತ್ತಿದ್ಲು ಕಣೇ. ಒಲೆ ಆರಿದ್ರೆ ಜನ ಬಂದು ಹೊತ್ಕೊಂಡು ಹೋಗಿ ಮಣ್ಣಲ್ಲಿ ಒಬ್ಬಳನ್ನೇ ಮಲಗಿಸ್ತಾರೆ ಅನ್ನೋ ಭಯಕ್ಕೆ, ಬಂದವರನ್ನೆಲ್ಲ ಹಿಡಿದು ಉರಿ ಹಾಕಿಸ್ತಿದ್ಲು.

ಆಗ್ನೆಸ್ ಅಂತ ಕರೆದ್ಲು ತಾಯಿ, ತಿರುಗಲಿಲ್ಲ. ಟಿಲ್ಡಾ ಅಂದ್ಲು, ತಿರುಗಲಿಲ್ಲ. ವಿನ್ನಿ ಅಂದಾಗ ಆ ಮಗುವಿನ ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ನಿಲ್ಲಲಿಲ್ಲ. ಮಗಳ ಕೈ ಹಿಡಿಯೋಕೆ ಹೋದ್ರೆ ಹೆಪ್ಸಿ ಕೈಯೂ ತಾನಾಗೇ ಸೌದೆ ಕಡೆ ಚಾಚಿತಂತೆ.

ದೊರೆಸಾನಿ ತುಟಿ ಅಲ್ಲಾಡದೆ ಮಾತಾಡಿದ್ಲು. ನಿನ್ನ ಹುಡುಕ್ಕೊಂಡು ಯಾರೂ ಬರಲ್ಲ. ನನ್ನ ಮನೇಲಿ ಹೊಗೆ ಇದೆ.

ಹೆಪ್ಸಿ ಹಲ್ಲು ಕಟಕಟ ಅಂತಿತ್ತು. ಆದ್ರೂ ಹೇಳಿದ್ಲಂತೆ, ನಮ್ಮನೇಲಿ ಇಲ್ಲ ಅಮ್ಮಾವ್ರೇ. ಒಲೆಗೆ ನೀರು ಸುರಿದು ಬಂದಿದೀನಿ.

ಅಷ್ಟರಲ್ಲಿ ಹೊರಗೆ ಧಡಧಡ ಕಾಲಸಪ್ಪಳ. ಹೆಪ್ಸಿ ಮನೆ ಹೊಗೆ ನಿಂತದ್ದು ನೋಡಿ ಊರೇ ಓಡಿತ್ತು, ಅಲ್ಲಿ ಯಾರೂ ಇಲ್ಲ, ಹಿಮದಲ್ಲಿ ಅವಳ ಹೆಜ್ಜೆ ಹಿಡಿದು ಇಲ್ಲಿಗೆ ಬಂದಿದ್ರು. ಅಷ್ಟು ಜನ ಬದುಕಿರೋರು ಒಳಗೆ ತುಂಬ್ಕೊಂಡ್ರಲ್ಲ, ಉರಿ ಪಕ್ಕನೆ ಆರಿಹೋಯ್ತು, ಮುದುಕಿ ತಲೆ ಎದೆಗೆ ಬಾಗಿತು, ಮೂವರೂ ಅಮ್ಮಾ ಅಂತ ಬಂದು ತಬ್ಬಿಕೊಂಡ್ರು. ಊರಿನವರಿಗೆ ನಾಚಿಕೆಯಾಯ್ತಂತೆ, ದಿನಾ ಹೊಗೆ ನೋಡಿದ್ವಿ, ಒಂದಿನ ಹೋಗಿ ಮಾತಾಡಿಸಲಿಲ್ಲ ಅಂತ. ಪಾಪ, ಆ ಮುದುಕೀನ ಚರ್ಚಿನ ಅಂಗಳದಲ್ಲಿ ಅವಳ ಗಂಡನ ಪಕ್ಕದಲ್ಲೇ ಮಲಗಿಸಿದ್ರು.

ಆಮೇಲೆ ಹೆಪ್ಸಿ ಒಲೆಗೆ ಮೂರು ಮನೆಯಿಂದ ಕೆಂಡ ಬಂತು, ಮಕ್ಕಳು ಬಿಸಿ ಗಂಜಿ ಕುಡಿದು ತಾಯಿ ಮಗ್ಗುಲಲ್ಲಿ ಮಲಗಿದ್ರು, ಸುಖವಾಗಿದ್ರು. ಅವತ್ತಿಂದ ಆ ಊರಲ್ಲಿ ಹೊಗೆ ಕಂಡ್ರೂ ಹೋಗಿ ಬಾಗಿಲು ತಟ್ಟಿ ಮಾತಾಡಿಸಿ ಬರ್ತಾರಂತೆ. ಅಲ್ಲಿಗೆ ಕತೆ ಮುಗೀತು. ಹೂಂ ಅನ್ನು ಕೂಸೇ, ಸುಮ್ಮನೆ ಮಲಗಿದ್ರೆ ಚೆನ್ನಾಗಿದ್ದೀಯಾ ಅಂತ ನಾನು ಮುಟ್ಟಿ ಮುಟ್ಟಿ ನೋಡ್ತಾ ಇರ್ತೀನಿ.