ಒಳಗಿನ ಪಂಕ್ತಿಗೆ ತುಪ್ಪ ಇಲ್ಲ

ನಮ್ಮೂರ ಹಾಲಿನ ಡೇರಿಯ ವಾರ್ಷಿಕ ಊಟದ ದಿನ ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ಮಡಿ ಹತ್ತಿತು. ಬಾಗಿಲಲ್ಲಿ ನಿಂತು ಕೂಗಿದರು: "ಪ್ರಾಣಿ ಕೊಬ್ಬು ತಿನ್ನೋರೆಲ್ಲ ಹೊರಗೆ ಬಿಸಿಲಲ್ಲಿ ಕೂತ್ಕೊಳ್ಳಿ. ಅದರ ಸೋಂಕೂ ಒಳಗೆ ಬರಬಾರದು!"

ಅರ್ಧ ಊರು ತಲೆ ತಗ್ಗಿಸಿ ಎದ್ದಿತು. ಡೇರಿಯಲ್ಲಿ ದಿನಾ ಹಾಲು ಪರೀಕ್ಷೆ ಮಾಡುವ ಹೊಂಬಾಳಮ್ಮನೂ ಎದ್ದಳು. ಅವತ್ತು ತುಪ್ಪ ಬಡಿಸುವ ಕೆಲಸ ಅವಳದು. ಪಾತ್ರೆ ಎತ್ತಿಕೊಂಡೇ ಹೊರಗೆ ನಡೆದಳು.

ಒಳಗೆ ಎಲೆಗೆ ಹೋಳಿಗೆ ಬಿತ್ತು. ತುಪ್ಪ ಬರಲಿಲ್ಲ.

"ಏಯ್, ತುಪ್ಪ ಎಲ್ಲಿ?" ಅಧ್ಯಕ್ಷರು ಗುಡುಗಿದರು.

"ಅದೂ ಪ್ರಾಣಿ ಕೊಬ್ಬೇ ಅಲ್ವಾ ಸ್ವಾಮಿ? ಒಳಗೆ ತಂದ್ರೆ ಮೈಲಿಗೆ," ಅಂದಳು ಹೊಂಬಾಳಮ್ಮ.

"ತುಪ್ಪ ಹೆಂಗೆ ಕೊಬ್ಬಾಗುತ್ತೆ?"

"ನಿಮ್ಮೆಮ್ಮೆ ಹಾಲಲ್ಲಿ ಕೊಬ್ಬು ಏಳೂವರೆ ಅಂತ ದಿನಾ ಬೆಳಿಗ್ಗೆ ನಾನು ಕೂಗಿದಾಗ ಮೀಸೆ ತಿರುವ್ತೀರಲ್ಲ, ಅದೇ ಕೊಬ್ಬು ಕಾಯಿಸಿದ್ರೆ ಇದು. ಎಮ್ಮೆ ಏನು ಹುಣಸೆಮರದಲ್ಲಿ ಬಿಡುತ್ತಾ?"

ಹೊರಗೆ ನಗುವೋ ನಗು. ಒಳಗಿದ್ದವರು ಒಬ್ಬೊಬ್ಬರಾಗಿ ಎಲೆ ಎತ್ತಿಕೊಂಡು ಬಿಸಿಲಿಗೆ ಬಂದರು. ಅಧ್ಯಕ್ಷರು ಒಬ್ಬರೇ ಕೂತು ಒಣ ಹೋಳಿಗೆ ಅಗಿದರು. ಗಂಟಲಲ್ಲಿ ಇಳಿಯಲಿಲ್ಲ.

ಕೊನೆಗೆ ಅವರೂ ಎಲೆ ಹಿಡಿದು ಹೊಸ್ತಿಲು ದಾಟಿದರು.

ಹೊಂಬಾಳಮ್ಮ ತುಪ್ಪದ ಸೌಟು ಎತ್ತಿ ಪಂಕ್ತಿಗೆ ಹೇಳಿದಳು: "ಸ್ವಲ್ಪ ಜರುಗ್ರಪ್ಪ, ನಮ್ಮೋರೇ ಇನ್ನೊಬ್ರು ಬಂದ್ರು."