ಚಿಕ್ಕೀರ ಹಗುರದ ದುರ್ಬೀನು ತಂದದ್ದು

ನಗೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಹೇಳ್ತೀನಿ.

ಕಡವೆಗುಡ್ಡ ಅಂತ ಒಂದು ಊರು. ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಚಿಕ್ಕೀರ. ಆಳು ಬಾಗಿಲು ತುಂಬ ಇದ್ದ. ಹೇಳಿದ ಮಾತು ಒಂದನ್ನೂ ಮೀರುತ್ತಿರಲಿಲ್ಲ. ಅದೇ ತೊಂದರೆ. ಬಾಗಿಲಲ್ಲಿ ಕೂತ್ಕೊ, ಯಾರನ್ನೂ ಒಳಗೆ ಬಿಡಬೇಡ ಅಂತ ಹೇಳಿ ಅವ್ವ ನೀರಿಗೆ ಹೋದರೆ, ಕೊಡ ಹೊತ್ತು ಬಂದ ಅವ್ವನನ್ನೂ ಒಳಗೆ ಬಿಡುತ್ತಿರಲಿಲ್ಲ.

ಆ ಊರಲ್ಲಿ ಯುಗಾದಿಯ ಮಾರನೆ ದಿನ, ಹೊಸತೊಡಕಿಗೆ, ಎಲ್ಲರೂ ಕೂಡಿ ಹಂದಿ ಬೇಟೆಗೆ ಹೋಗೋದು ಪದ್ಧತಿ. ಹಳ್ಳದ ಬಾಯಿಗೆ ಬಲೆ ಕಟ್ಟೋರು ಕಟ್ಟೋರು, ಪೊದೆ ಬಡಿಯೋರು ಬಡಿಯೋರು. ಬಂಡೆ ತುದೀಲಿ ಮಾತ್ರ ಒಬ್ಬನೇ ದುರ್ಬೀನು ಹಿಡಿದು ಕೂತಿರಬೇಕು. ಹಂದಿ ಎದ್ದದ್ದು ಕಂಡರೆ ಕೆಂಪು ರುಮಾಲು ಬೀಸಬೇಕು. ಹಂದಿ ಬಲೆಗೆ ಬಿತ್ತು ಅನ್ನಿ, ಮುತ್ತುಗದ ಎಲೆ ಹಾಸಿ ಪಾಲು ಹಾಕುವಾಗ ಮೊದಲು ಕೈ ಇಡೋನು ಅವನೇ. ಯಾವ ಎಲೆ ಮೇಲೆ ಕೈ ಇಟ್ಟನೋ ಅದು ಅವನ ಮನೆಗೆ. ಇಟ್ಟ ಕೈ ತೆಗೆಯೋ ಹಾಗಿಲ್ಲ. ಅದಕ್ಕೆ ಕಣ್ಣಿನ ಪಾಲು ಅಂತ ಹೆಸರು.

ಹೊಂಬಾಳಮ್ಮನ ಗಂಡ ಇರೋವರೆಗೂ ಆ ಪಾಲು ಅವಳ ಮನೆಗೇ ಬರುತ್ತಿತ್ತು. ವರ್ಷಾ ವರ್ಷ ಒಂದು ಇಡೀ ತೊಡೆ. ಅವನು ಹೋದ. ಅವನ ದುರ್ಬೀನೋ, ಒನಕೆಯಷ್ಟು ಭಾರ, ಬಂಡೆ ಹತ್ತುವಾಗ ಠಣ್ಣಂತ ಬಡಿದು ಹಂದಿಗಳನ್ನೆಲ್ಲ ಎಬ್ಬಿಸಿಬಿಡೋದು. ಅದೂ ಒಡೆಯಿತು.

ಬೇಟೆಯ ಯಜಮಾನ ಚಲುವೇಗೌಡರು ಕರುಣೆಯವರು. ಅಪ್ಪನ ಜಾಗ ಮಗನಿಗೇ ಇರಲಿ, ಪೇಟೆಯ ಬುಡೇನ್ ಸಾಬರ ಅಂಗಡಿಗೆ ಹೇಳಿಟ್ಟಿದ್ದೀನಿ, ಹೋಗಿ ಒಂದು ಚಿಕ್ಕ ದುರ್ಬೀನು ಆರಿಸಿಕೊಂಡು ಬರಲಿ ಅಂದರು. ಇದೇ ಮಾತು ಕೇಳಿ ಪಕ್ಕದೂರಿನ ಹಾಲಪ್ಪ ಹೇಳಿ ಕಳಿಸಿದ, ಹೊಸತೊಡಕಿನ ಊಟಕ್ಕೆ ನಿಮ್ಮ ಮನೆಗೇ ಬರ್ತೀವಿ, ಕಣ್ಣಿನ ಪಾಲು ಬರೋ ಮನೆಯಾದರೆ ನಮ್ಮ ಹುಡುಗೀನ ಕೊಡ್ತೀವಿ ಅಂತ. ಹೊಂಬಾಳಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಮಗ, ಅಂಗಡೀಲಿ ಒಂದೊಂದಾಗಿ ಕೈಲಿ ಹಿಡಿದು ನೋಡು. ಯಾವುದು ಎಲ್ಲಕ್ಕಿಂತ ಹಗುರವೋ ಅದನ್ನ ತಾ."

ಚಿಕ್ಕೀರ ಪೇಟೆಗೆ ಹೋದ. ಸಾಬರು ಸಾಮಾನೆಲ್ಲ ಹರವಿದರು. ಇವನು ಒಂದೊಂದಾಗಿ ಎತ್ತಿ ನೋಡಿದ. ಇದು ಭಾರ, ಅದೂ ಭಾರ. ಎಲ್ಲಕ್ಕಿಂತ ಹಗುರದ್ದು ಸಿಕ್ಕಿತು, ಹೆಗಲಿಗೆ ಹಾಕಿಕೊಂಡು ಬಂದ. ಅವ್ವ ನೋಡಿದರೆ ಬರೀ ಚರ್ಮದ ಚೀಲ. ದುರ್ಬೀನು ಅಂಗಡೀಲೇ ಇದೆ.

ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. ಒಳಗೆ ಗಾಜಿರಬೇಕು ಕಣೋ, ಎರಡು ಕಣ್ಣಿಗೂ ಎರಡು ಗಾಜು, ಹಿಡಿದರೆ ಮುಷ್ಟಿಯಲ್ಲಿ ಅಡಗಬೇಕು ಅಂತ ಬಯ್ದು ಹೇಳಿದಳು.

ಚಿಕ್ಕೀರ ಮತ್ತೆ ಹೋದ. ಚೀಲ ವಾಪಸು ಕೊಟ್ಟ. ಎರಡು ಕಣ್ಣಿಗೆ ಎರಡು ಗಾಜು, ಹಗುರ, ಮುಷ್ಟಿಯಲ್ಲಿ ಅಡಗೋದು. ಹುಡುಕಿದ, ಹುಡುಕಿದ. ಎದುರಿಗೇ ಇತ್ತು. ತಗೊಂಡು ಬಂದ. ಅವ್ವ ಮುಷ್ಟಿ ಬಿಡಿಸಿ ನೋಡಿದರೆ ಬುಡೇನ್ ಸಾಬರ ಕನ್ನಡಕ. ಪಾಪ, ಅವರು ಮುಖ ತೊಳೆಯೋಕೆ ತೆಗೆದಿಟ್ಟಿದ್ದರಂತೆ. ಅವತ್ತು ಸಂಜೆವರೆಗೂ ಅಂಗಡೀಲಿ ತಡಕಾಡಿದರಂತೆ.

ಹೊಂಬಾಳಮ್ಮ ನೆಲಕ್ಕೆ ಕೂತಳು. "ಅಲ್ವೋ ನನ್ನಪ್ಪ, ದುರ್ಬೀನು ಅಂದ್ರೆ ದೂರದ್ದು ಹತ್ತಿರ ಬರಬೇಕು. ಕಣ್ಣಿಗೆ ಹಿಡಿದು ಆ ಗುಡ್ಡ ನೋಡು. ಗುಡ್ಡ ಹತ್ತಿರ ಬರೋವರೆಗೂ ಅಂಗಡಿ ಬಿಟ್ಟು ಏಳಬೇಡ."

ಚಿಕ್ಕೀರ ಮೂರನೆ ಸಲ ಹೋದ. ಕನ್ನಡಕ ವಾಪಸು ಕೊಟ್ಟ. ಸಾಬರು ಈ ಸಲ ತಾವೇ ಒಂದು ಚಿಕ್ಕ ದುರ್ಬೀನು ಕಣ್ಣಿಗೆ ಹಿಡಿಸಿದರು. ಗುಡ್ಡ ಹತ್ತಿರ ಬಂತು. ತೆಗೆದು ನೋಡಿದ. ಗುಡ್ಡ ಅಲ್ಲೇ ಇದೆ. ಮತ್ತೆ ಹಿಡಿದ, ಬಂತು. ತೆಗೆದ, ಹೋಯಿತು. ಸರಿ, ಬರಲಿ ಅಂತ ಕೂತ. ಸಾಬರು ಊಟ ಮಾಡಿ ಬಂದರು. ಇವನು ಕೂತೇ ಇದ್ದ. ಸಾಬರು ನಮಾಜು ಮಾಡಿ ಬಂದರು. ಕೂತೇ ಇದ್ದ. ಮಗ ಬರಲಿಲ್ಲವಲ್ಲ ಅಂತ ಹೊಂಬಾಳಮ್ಮ ಹುಡುಕಿಕೊಂಡು ಬಂದಾಗ ಸಾಬರು ಅಂಗಡಿಯ ಬೀಗ ಹಿಡಿದು ನಿಂತಿದ್ದರು.

"ತಾಯಿ, ಗುಡ್ಡಕ್ಕೆ ನೀವೇ ಒಂದು ಮಾತು ಹೇಳಿ ಕರೀರಿ," ಅಂದರು. "ನಾನು ಮನೆಗೆ ಹೋಗಬೇಕು."

ಹೊಂಬಾಳಮ್ಮ ದುರ್ಬೀನನ್ನು ಮಗನ ಕೊರಳಿಗೆ ಹಾಕಿ ಎಳಕೊಂಡು ಹೊರಟಳು. ದಾರಿಯುದ್ದಕ್ಕೂ ಬುದ್ಧಿ ಹೇಳಿದಳು. ಎರಡೇ ಮಾತು, ನೆನಪಿಟ್ಟುಕೋ ಅಂದಳು. ದುರ್ಬೀನಲ್ಲಿ ಹತ್ತಿರ ಕಂಡದ್ದು ಹತ್ತಿರ ಬಂತು ಅಂತಲೇ ತಿಳಿ, ಇದು ಒಂದು. ಇನ್ನು ಮೇಲೆ ಯಾರು ಏನೇ ಆರಿಸು ಅಂದರೂ ಚಿಕ್ಕದು, ಹಗುರದ್ದು ಆರಿಸು, ಇದು ಎರಡು. ಚಿಕ್ಕೀರ ಎರಡನ್ನೂ ಬೆರಳು ಮಡಿಸಿ ಇಟ್ಟುಕೊಂಡ.

ಹೊಸತೊಡಕು ಬಂತು. ಬೆಳಿಗ್ಗೆಯೇ ಚಿಕ್ಕೀರ ಬಂಡೆ ಹತ್ತಿದ. ದುರ್ಬೀನು ಹಗುರ, ಒಂದು ಚೂರೂ ಸದ್ದಿಲ್ಲ. ಕಣ್ಣಿಗೆ ಹಿಡಿದ. ಅರ್ಧ ಹರದಾರಿ ಆಚೆ ಲಂಟಾನ ಪೊದೆಯಿಂದ ಒಂದು ಒಂಟಿ ಹಂದಿ ಎದ್ದಿತು. ಇವನಿಗೆ ಅದರ ಕೋರೆ ಮೂಗಿನ ಮುಂದೆಯೇ ಕಂಡಿತು. ಹತ್ತಿರ ಕಂಡದ್ದು ಹತ್ತಿರ ಬಂತು ಅಂತ ಅವ್ವ ಹೇಳಿಲ್ಲವೇ? ತಲೆಯ ರುಮಾಲು ಕಿತ್ತು ಹಂದಿಯ ಮುಖಕ್ಕೆ ಬಡಿಯೋಕೆ ಶುರು ಮಾಡಿದ. ಹೋಗು, ಹೋಗು ಅಂತ ಬಡಿದ. ಕೆಳಗಿದ್ದವರು ಕೆಂಪು ರುಮಾಲು ನೋಡಿದರು, ಬಲೆ ಬಿಗಿ ಹಿಡಿದರು, ಹಂದಿ ಬಂದು ದಬಕ್ಕನೆ ಬಿತ್ತು.

ಅಂಥ ಹಂದಿ ಹತ್ತು ವರ್ಷದಲ್ಲಿ ಬಿದ್ದಿರಲಿಲ್ಲ. ಅಪ್ಪನ ಮಗನಪ್ಪ ಅಂತ ಎಲ್ಲರೂ ಬೆನ್ನು ತಟ್ಟಿದರು.

ಮುತ್ತುಗದ ಎಲೆ ಹಾಸಿದರು. ಪಾಲು ಹಾಕಿದರು. ದೊಡ್ಡ ತೊಡೆಯನ್ನು ಚಿಕ್ಕೀರನ ಎದುರಿಗೇ ಇಟ್ಟರು. ಪದ್ಧತಿ ಅಂದಮೇಲೆ ಗೌಡರು ಕೇಳಲೇಬೇಕು. "ಆರಿಸ್ಕೊಳಪ್ಪ," ಅಂದರು.

ಆರಿಸು ಅಂದರಲ್ಲ. ಚಿಕ್ಕೀರ ಎರಡನೆ ಬೆರಳು ಬಿಚ್ಚಿದ. ತೊಡೆ ಎತ್ತಿ ನೋಡಿದ, ಭಾರ. ಪಕ್ಕೆ ಎತ್ತಿದ, ಭಾರ. ಒಂದೊಂದೇ ಎತ್ತುತ್ತಾ ಕೊನೆಗೆ ಹೋದ. ಅಲ್ಲಿ ನಾಯಿಗಳಿಗೆ ಅಂತ ಬಾಲ ಇಟ್ಟಿದ್ದರು. ಗೌಡರು ಲೋ ಲೋ ಅನ್ನುವಷ್ಟರಲ್ಲಿ ಅದರ ಮೇಲೆ ಕೈ ಇಟ್ಟ.

ಇಟ್ಟ ಕೈ ತೆಗೆಯೋ ಹಾಗಿಲ್ಲ. ಅವನು ಯಾರ ಎಲೆ ತಗೊಂಡನೋ, ಅವನ ಎದುರಿನ ಎಲೆ ಅವರಿಗೇ ಸೇರಬೇಕು. ಆ ವರ್ಷ ಕಡವೆಗುಡ್ಡದ ನಾಯಿಗಳು ತೊಡೆ ತಿಂದವು.

ಇತ್ತ ಹೊಂಬಾಳಮ್ಮ ಮಸಾಲೆ ಅರೆದು, ದೊಡ್ಡ ಮಡಕೆಯಲ್ಲಿ ಎಸರಿಟ್ಟು ಕಾಯುತ್ತಿದ್ದಳು. ಹಾಲಪ್ಪನ ಕಡೆಯವರು ಏಳು ಜನ ಚಾಪೆಯ ಮೇಲೆ ಕೂತಿದ್ದರು. ಚಿಕ್ಕೀರ ಬಂದ. ಅಂಗಳದ ಆಚೆ ಗೋಡೆ ಮೇಲೆ ಬಾಲ ಇಟ್ಟ. ಈಚೆ ಬಂದು ಅವ್ವನ ಕೈಗೆ ದುರ್ಬೀನು ಕೊಟ್ಟ.

"ಇದರಲ್ಲಿ ನೋಡವ್ವ. ತೊಡೆಯಷ್ಟಿದೆ."

ಹಾಲಪ್ಪ ಎದ್ದು ಗೋಡೆಯವರೆಗೂ ಹೋಗಿ, ಬಾಲ ನೋಡಿ, ಟವಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ.

"ನಮ್ಮ ಹುಡುಗೀನೂ ಹಾಗೇ ನೋಡ್ಕೊಳಿ ತಾಯಿ," ಅಂದ. "ದುರ್ಬೀನು ಹೇಗೂ ಇದೆ."

ಏಳು ಜನವೂ ಎದ್ದು ಹೊರಟರು. ಬೀದಿ ದಾಟಿದರು, ಕೆರೆ ಏರಿ ಹಿಡಿದರು. ಹೊಂಬಾಳಮ್ಮ ಹೊಸ್ತಿಲ ಮೇಲೆ ಕುಸಿದು, ಕೈಗೆ ಬಂದ ಸೊಸೆ ಹೋದಳಲ್ಲೋ, ಬೀಗರು ಹೋಗೇಬಿಟ್ಟರಲ್ಲೋ ಅಂತ ಸೆರಗಿಗೆ ಮುಖ ಒತ್ತಿಕೊಂಡು ಅತ್ತಳು.

ಅವ್ವ ಯಾಕೆ ಅಳುತ್ತಾಳೆ ಅಂತ ಚಿಕ್ಕೀರನಿಗೆ ತಿಳಿಯಲಿಲ್ಲ. ದುರ್ಬೀನು ತಗೊಂಡು ಕೆರೆ ಏರಿಯ ಕಡೆ ಹಿಡಿದ. ನೋಡಿದ. ಮೊದಲನೆ ಬೆರಳು ಬಿಚ್ಚಿದ.

"ಎಲ್ಲಿ ಹೋದ್ರವ್ವ? ಇಲ್ಲೇ ಅವ್ರೆ, ಬಾಗಿಲಲ್ಲೇ," ಅಂದ. "ಏಳು, ಎಲೆ ಹಾಕು."

ಅವ್ವ ಏಳಲಿಲ್ಲ. ಕೊನೆಗೆ ಅವನೇ ಎದ್ದು ಏಳು ಎಲೆ ಹಾಕಿದ. ಒಂದು ಕೈಯಲ್ಲಿ ದುರ್ಬೀನು ಹಿಡಿದು, ಇನ್ನೊಂದು ಕೈಯಲ್ಲಿ ಚೊಂಬು ಬಗ್ಗಿಸಿ, ಕೆರೆ ಏರಿ ಮೇಲೆ ಹೋಗುತ್ತಿದ್ದ ಬೀಗರಿಗೆ ಕೈ ತೊಳೆಯೋಕೆ ನೀರು ಬಿಡುತ್ತಾ ನಿಂತ.